ಬಸ್ಸು ಹೋಗದ ಶನಿವಾರದ ಹಾಜರಿ

ನಿವೃತ್ತಿಗೆ ಮುಂಚಿನ ಎರಡು ವರ್ಷ ನಾನು ಗೋಕಾಕ ಸಮೀಪದ ಒಂದು ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರದ ಮುಖ್ಯಸ್ಥಳಾಗಿದ್ದೆ. ಕೇಂದ್ರ ನಮ್ಮ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ನನ್ನ ವಿಷಯ ಕಮ್ಯುನಿಟಿ ಮೆಡಿಸಿನ್; ರೋಗಿ ಆಸ್ಪತ್ರೆಗೆ ಬರುವ ಮೊದಲೇ ಅವನ ಊರಿಗೆ, ಮನೆಗೆ ಹೋಗಿ ನೋಡುವುದನ್ನು ಕಲಿಸುವ ವಿಭಾಗ. ನನ್ನ ತಂದೆ ರೈಲ್ವೆ ಸ್ಟೇಷನ್ ಮಾಸ್ತರರಾಗಿದ್ದರು. ಗಾಡಿ ತಡವಾಗಬಹುದು, ಸ್ಟೇಷನ್ ಮಾಸ್ತರ ತಡವಾಗುವಂತಿಲ್ಲ ಎಂಬ ಮನೆಯಲ್ಲಿ ಬೆಳೆದವಳಿಗೆ ಹಾಜರಿಯ ವಿಷಯದಲ್ಲಿ ತಮಾಷೆ ಹಿಡಿಸುವುದಿಲ್ಲ. ಆದರೆ ನನ್ನ ಸೇವೆಯ ಅತ್ಯಂತ ದೊಡ್ಡ ತಮಾಷೆ ನಡೆದದ್ದು ಹಾಜರಿಯ ವಿಷಯದಲ್ಲೇ.

ನಿಯಮ ಸರಳವಾಗಿದೆ. ಎಂಬಿಬಿಎಸ್ ವಿದ್ಯಾರ್ಥಿಗೆ ಥಿಯರಿಯಲ್ಲಿ ಶೇಕಡಾ ಎಪ್ಪತ್ತೈದು, ಪ್ರಾಕ್ಟಿಕಲ್‌ನಲ್ಲಿ ಶೇಕಡಾ ಎಂಬತ್ತು ಹಾಜರಿ ಇರಬೇಕು. ಇಲ್ಲದಿದ್ದರೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡಿಸುವುದಿಲ್ಲ. ಜೊತೆಯವರು ಮುಂದಿನ ವರ್ಷಕ್ಕೆ ಹೋಗುತ್ತಾರೆ, ಇವರು ಕಿರಿಯರ ನಡುವೆ ಕೂತು ಅದೇ ಪಾಠ ಕೇಳಬೇಕು. ಇಷ್ಟು ಗೊತ್ತಿದ್ದೂ ಗೈರಾಗುವವರ ಕಾರಣಗಳಿಗೆ ಕೊನೆಯಿಲ್ಲ. ರಜೆಯ ಅರ್ಜಿಯಲ್ಲಿ ಡೆಂಗ್ಯೂ ಎಂದು ಬರೆದಿದ್ದ ಒಬ್ಬನನ್ನು ಪ್ಲೇಟ್‌ಲೆಟ್ ಎಷ್ಟಿತ್ತಪ್ಪ ಎಂದು ಕೇಳಿದೆ. “ನಾರ್ಮಲ್ ಇತ್ತ್ರಿ ಮೇಡಮ್” ಎಂದ. ಡೆಂಗ್ಯೂ ಪಾಠದ ದಿನವೂ ಅವನು ಗೈರಾಗಿದ್ದ ಎಂಬುದು ಆಮೇಲೆ ತಿಳಿಯಿತು.

ನಮ್ಮ ವಿಭಾಗದ ಪ್ರಾಕ್ಟಿಕಲ್‌ನಲ್ಲಿ ಕುಟುಂಬ ದತ್ತು ಕಾರ್ಯಕ್ರಮ ಒಂದು ಮುಖ್ಯ ಭಾಗ. ಪ್ರತಿ ವಿದ್ಯಾರ್ಥಿಗೂ ಹಳ್ಳಿಯ ಒಂದು ಮನೆಯನ್ನು ಒಪ್ಪಿಸುತ್ತೇವೆ. ಆ ಮನೆಯವರ ಆರೋಗ್ಯವನ್ನು ಓದು ಮುಗಿಯುವವರೆಗೂ ಅವನೇ ನೋಡಿಕೊಂಡು ಬರಬೇಕು. ನಮ್ಮ ಬ್ಯಾಚಿಗೆ ಕೌಜಲಗಿ ಹತ್ತಿರದ ಒಂದು ಹಳ್ಳಿ ಸಿಕ್ಕಿತ್ತು. ಶನಿವಾರ ಬೆಳಿಗ್ಗೆ ಕಾಲೇಜಿನ ಬಸ್ಸು ಹುಡುಗರನ್ನು ಅಲ್ಲಿ ಇಳಿಸಿ, ಮಧ್ಯಾಹ್ನ ಕರೆತರುತ್ತಿತ್ತು. ಮೊದಲು ಮನೆಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಹಾಜರಿ ಆಗುತ್ತಿತ್ತು. ಫೋಟೊ ಎಂದರೆ ನಮ್ಮ ಹುಡುಗರಿಗೆ ಹೇಳಿಕೊಡಬೇಕೆ? ಬಸ್ಸಿಳಿದವರೇ ತಮಗೊಪ್ಪಿಸಿದ ಮನೆಯ ಬಾಗಿಲಿಗೆ ಓಡಿ ಫೋಟೊ ತೆಗೆದುಕೊಂಡು, ಉಳಿದ ಹೊತ್ತನ್ನು ಚಹಾದಂಗಡಿಯಲ್ಲಿ ಕಳೆಯತೊಡಗಿದರು. ನಾನು ಫೋಟೊ ನಿಲ್ಲಿಸಿದೆ. ಸೋಮವಾರ ನಾನೇ ಹಳ್ಳಿಗೆ ಹೋಗಿ, ಮನೆಯವರ ಬಾಯಿಂದ ಕೇಳಿ ಹಾಜರಿ ಹಾಕುವುದೆಂದು ಸಾರಿದೆ. ಹಳ್ಳಿಯ ಹೆಂಗಸರು ನೇರ ಮಾತಿನವರು, ಬಂದವರನ್ನು ಬಂದರೆಂದೂ ಬಾರದವರನ್ನು ಬಂದಿಲ್ಲವೆಂದೂ ಹೇಳುತ್ತಾರೆ ಎಂದುಕೊಂಡಿದ್ದೆ.

ಅದಾದ ಮೇಲೆ ಹಾಜರಿ ಒಮ್ಮೆಗೇ ಏರಿತು. ಇಡೀ ಬ್ಯಾಚು ಸುಧಾರಿಸಿದಂತೆ ಕಂಡಿತು. ನಂಬಲಾಗದಿದ್ದರೂ ನಂಬಿದೆ.

ಒಂದು ಶನಿವಾರ ಬಸ್ಸಿನ ಕ್ಲಚ್ಚು ಹೋಗಿ, ಅದು ಕೇಂದ್ರದ ಗೇಟು ದಾಟಲೇ ಇಲ್ಲ. ಹುಡುಗರು ಚೆದುರಿದರು, ವಿನಾಯಕನೆಂಬವನು ಮೂಡಲಗಿಯ ತನ್ನ ಮನೆಗೆ ಹೊರಟದ್ದನ್ನು ನಾನೇ ಕಣ್ಣಾರೆ ಕಂಡೆ. ಸೋಮವಾರ ಲಸಿಕೆಯ ಕೆಲಸಕ್ಕೆಂದು ಹಳ್ಳಿಗೆ ಹೋದವಳು, ವಿನಾಯಕನಿಗೆ ಒಪ್ಪಿಸಿದ್ದ ಗಂಗವ್ವನ ಮನೆಗೂ ಹೋದೆ. ಗಂಗವ್ವ ಅರವತ್ತು ದಾಟಿದ, ಮಾತಿನಲ್ಲಿ ಚುರುಕಾದ ಹೆಂಗಸು. ರೂಢಿಯಂತೆ ಬಾಯಿಗೆ ಬಂದ ಪ್ರಶ್ನೆ ಕೇಳಿಬಿಟ್ಟೆ.

“ವಿನಾಯಕ ಶನಿವಾರ ಬಂದಿದ್ನೇನ್ರಿ ಗಂಗವ್ವಾ?”

“ಬಂದಿದ್ನಲ್ರಿ ಬಾಯಾರ. ಬರದ ಎಲ್ಲಿ ಹೊಕ್ಕಾನ್ರಿ?”

“ಏನ್ ಮಾಡಿದ?”

“ಬಿಪಿ ನೋಡಿದ, ಎರಡ ರೊಟ್ಟಿ ತಿಂದ, ಹ್ವಾದ.”

“ಬಿಪಿ ಎಷ್ಟ ಐತಿ ಅಂದ?”

“ಚಲೋ ಐತಿ ಅಂದ್ನರಿ.”

“ಗಂಗವ್ವಾ, ಶನಿವಾರ ಬಸ್ಸೇ ಬಂದಿಲ್ಲ. ಕೆಟ್ಟ ನಿಂತಿತ್ತ.”

ಆಕೆ ರೆಪ್ಪೆ ಸಹ ಬಡಿಯಲಿಲ್ಲ. “ಹಂಗಾರ ಮೋಟರ್ ಸೈಕಲ್ ಮ್ಯಾಲೆ ಬಂದಿರಬೇಕ ಬಿಡ್ರಿ.”

ನನ್ನ ಚೀಲದಲ್ಲಿದ್ದ ಬಿ.ಪಿ. ಯಂತ್ರ ತೆಗೆದೆ. ಗಂಗವ್ವ ನಿಂತಲ್ಲಿಂದಲೇ ಕೈ ಚಾಚಿ, ಸೊಸೆಯನ್ನು ಕೂಗುತ್ತ, ಕೋಳಿ ಓಡಿಸುತ್ತ, ನನಗೆ ಚಹಾ ಕುಡಿಯಲೇಬೇಕೆಂದು ಒತ್ತಾಯ ಮಾಡುತ್ತ ಪಟ್ಟಿ ಕಟ್ಟಿಸಿಕೊಂಡಳು. ಇಲ್ಲಿ ಒಂದು ಮಾತು ಹೇಳಬೇಕು. ರಕ್ತದೊತ್ತಡ ನೋಡುವ ಮುಂಚೆ ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ಎದೆಯ ಮಟ್ಟಕ್ಕೆ ಕೈ, ಬಾಯಿ ಬಂದ್. ಇಲ್ಲದಿದ್ದರೆ ಬರುವ ಅಂಕಿಗೆ ಅರ್ಥವಿಲ್ಲ. ಇದನ್ನು ನಾನು ಪ್ರತಿ ಬ್ಯಾಚಿಗೂ ಗಂಟಲು ಹರಿಯುವಂತೆ ಹೇಳಿದ್ದೇನೆ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಐದು ನಿಮಿಷದ ಮೇಡಮ್’ ಎನ್ನುತ್ತಿದ್ದರು. ಯಾರೂ ಪಾಲಿಸುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಸಿಟ್ಟಿನಲ್ಲಿ ಉಳಿದ ಮನೆಗಳಿಗೂ ಹೋದೆ. ಬಸ್ಸು ಹೋಗದ ಆ ಶನಿವಾರ, ಬಾಗಿಲು ತೆರೆದಿದ್ದ ಪ್ರತಿ ಮನೆಗೂ ಅವರವರ ವಿದ್ಯಾರ್ಥಿ ಬಂದಿದ್ದ! ಒಬ್ಬನಂತೂ ಬರುವಾಗ ಬಾಳೆಹಣ್ಣು ತಂದಿದ್ದನಂತೆ. ಕೊನೆಯ ಮನೆಯ ಮುದುಕಿ ಮಾತ್ರ ಒಳಗುಟ್ಟು ಬಿಟ್ಟುಕೊಟ್ಟಳು.

“ಬಂದಿಲ್ಲ ಅಂದ್ರ ಹುಡುಗೂರ್ದು ವರ್ಷ ಹಾಳಾಗತೈತಂತಲ್ರಿ. ನಾವೊಂದ ಹೂಂ ಅಂದ್ರ ನಮ್ಮ ಗಂಟೇನ ಹೋಗತೈತಿ? ನಿಮಗೂ ಮಕ್ಕಳದಾರಿಲ್ರಿ ಬಾಯಾರ?”

ಮೋಸ ಮಾಡುವವರೊಂದಿಗೆ ಜಗಳವಾಡಬಹುದು. ಕರುಳಿನಿಂದ ಸುಳ್ಳು ಹೇಳುವವರ ಎದುರು ನನ್ನ ಹಾಜರಿ ಪದ್ಧತಿ ಅಡ್ಡಬಿದ್ದಿತ್ತು.

ಇಷ್ಟರ ನಡುವೆ ಆಫೀಸಿನಿಂದ ಹಾಜರಿ ಕೊರತೆಯ ನೋಟಿಸು ಹೊರಬಿತ್ತು. ಅದರಲ್ಲಿ ಇದ್ದದ್ದು ಒಂದೇ ಹೆಸರು: ಸುಜಾತಾ. ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯ ಹುಡುಗಿ. ತಂದೆತಾಯಿ ಇನ್ನೊಬ್ಬರ ಹೊಲದಲ್ಲಿ ದುಡಿಯುವವರು. ಮನೆತನದಲ್ಲಿ ಡಾಕ್ಟರಾಗಲು ಹೊರಟ ಮೊದಲ ಹೆಣ್ಣುಮಗಳು. ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂಡುತ್ತಿದ್ದಳು, ಒಂದು ದಿನವೂ ತಡವಾಗಿ ಬಂದವಳಲ್ಲ. ಅವಳ ಕೊರತೆಯೆಲ್ಲ ಹಳ್ಳಿಯ ಭೇಟಿಗಳಲ್ಲಿತ್ತು. ಅವಳಿಗೆ ಒಪ್ಪಿಸಿದ ಮನೆ ಕುರಿಗಾರ ಲಕ್ಕಪ್ಪನದು. ಕಬ್ಬು ಕಡಿದ ಮೇಲೆ ಲಕ್ಕಪ್ಪ, ಹೆಂಡತಿ, ತಾಯಿ ಎಲ್ಲ ಮನೆಗೆ ಕೀಲಿ ಹಾಕಿ ಕುರಿ ಹೊಡೆದುಕೊಂಡು ಹೋಗುತ್ತಾರೆ. ರೈತರು ಗೊಬ್ಬರಕ್ಕಾಗಿ ತಮ್ಮ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿಕೊಳ್ಳುತ್ತಾರೆ. ಹಿಂಡು ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ಸಾಗುತ್ತದೆ. ಕೀಲಿ ಹಾಕಿದ ಬಾಗಿಲು ‘ಹೂಂ, ಬಂದಿದ್ದಳು’ ಎನ್ನಲಾರದು. ಹೀಗಾಗಿ ಇಡೀ ಬ್ಯಾಚಿನಲ್ಲಿ ಗೈರು ಬಿದ್ದವಳು ಇವಳೊಬ್ಬಳೇ. ಬಾರದವರಿಗೆಲ್ಲ ಪರೀಕ್ಷೆ, ಶನಿವಾರ ತಪ್ಪದೆ ಬಸ್ಸು ಹತ್ತಿದವಳಿಗೆ ಒಂದು ವರ್ಷ ನಷ್ಟ. ಮನೆ ಬದಲಿಸಿ ಕೊಡಿ ಎಂದು ಅವಳು ಆಫೀಸಿಗೆ ಕೊಟ್ಟ ಅರ್ಜಿಗೆ, ದತ್ತು ಕುಟುಂಬವನ್ನು ನಡುವೆ ಬದಲಿಸಲು ಬರುವುದಿಲ್ಲ ಎಂದು ಉತ್ತರ ಹೋಗಿತ್ತು.

ಕರೆದು ಕೇಳಿದೆ. “ಕೀಲಿ ಹಾಕಿದ ಬಾಗಿಲ ನೋಡಿ ಸುಮ್ಮ ವಾಪಸ್ ಬರ್ತಿದ್ದೇನು?”

“ಇಲ್ರಿ ಮೇಡಮ್. ರವಿವಾರ ಅವರಿದ್ದಲ್ಲೇ ಹೋಗತಿದ್ನಿರಿ. ಘೋಡಗೇರಿ ಕಡೆ ಹೊಲದಾಗ ಅದಾರ್ರಿ. ನಮ್ಮೂರಿಂದ ದೂರ ಆಗೂದಿಲ್ರಿ. ಆ ಆಯೀಗಿ ಬಿಪಿ ಭಾಳ ಐತ್ರಿ, ಗುಳಿಗಿ ಬಿಟ್ಟಬಿಡ್ತಾಳ್ರಿ.”

“ಯಾರನ್ನ ಕೇಳಿ ಹೋದಿ?”

“ಯಾರನ್ನೂ ಕೇಳಿಲ್ರಿ.”

“ಯಾಕ?”

“ಕೇಳಿದ್ರ ಬ್ಯಾಡ ಅಂತಿದ್ರಿ ಮೇಡಮ್.”

ಇಷ್ಟು ಸಿಟ್ಟು ಬರಿಸಿದ ಉತ್ತರವನ್ನು ನಾನು ಸೇವೆಯಲ್ಲಿ ಮತ್ತೊಮ್ಮೆ ಕೇಳಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲವಾದ್ದರಿಂದ ಸಿಟ್ಟು ಇಮ್ಮಡಿಯಾಯಿತು. ಹೊಲದ ನಡುವೆ, ಕುರಿ ಕಾಯುವ ನಾಯಿಗಳ ಬಾಯಿಗೆ ಸಿಕ್ಕಿದ್ದರೆ ಉತ್ತರ ಹೇಳಬೇಕಾದವರು ಯಾರು?

“ಲಕ್ಕಪ್ಪ ಕಾಕಾಗ ಕೇಳ್ರಿ ಮೇಡಮ್, ಅವರ ಹೇಳ್ತಾರ” ಎಂದಳು.

ಅದೇ ತೊಂದರೆ. ಲಕ್ಕಪ್ಪ ಗಂಗವ್ವನ ಊರಿನವನು. ಬಸ್ಸು ಬಾರದ ದಿನದಂದೂ ಹುಡುಗರು ಬಂದಿದ್ದರೆಂದು ಆಣೆ ಮಾಡುವ ಊರು. ಆ ಊರಿನ ‘ಹೂಂ’ ಎಂಬ ಮಾತಿಗೆ ಈಗ ಬೆಲೆ ಎಲ್ಲಿತ್ತು? ಆದರೂ ನೋಡದೆ ತೀರ್ಮಾನಿಸುವುದು ನನ್ನ ಕ್ರಮವಲ್ಲ. “ನಾ ಬರೂತನಕ ಇಲ್ಲೇ ಓದಕೋತ ಕೂಡು. ಫೋನ್ ಟೇಬಲ್ ಮ್ಯಾಲೆ ಇಡು” ಎಂದು ಹೇಳಿ, ಡ್ರೈವರ್ ಈರಪ್ಪನನ್ನು ಕರೆದುಕೊಂಡು ಆಗಲೇ ಹೊರಟೆ.

ಘೋಡಗೇರಿ ಕಡೆ ಕೇಳುತ್ತ ಕೇಳುತ್ತ, ಕಬ್ಬು ಕಡಿದ ಒಂದು ಹೊಲದಲ್ಲಿ ಹಿಂಡನ್ನು ಹಿಡಿದೆವು. ಲಕ್ಕಪ್ಪ ನಾಯಿಗಳನ್ನು ಗದರಿಸಿ ಎದುರಿಗೆ ಬಂದ. ಬೇವಿನ ನೆರಳಿನಲ್ಲಿ ಅವನ ತಾಯಿ ಮಾಳವ್ವ ಉಣ್ಣೆ ನೂಲುತ್ತಿದ್ದಳು. ನಾನು ಯಾರೆಂದು ಹೇಳಿ, ನೇರವಾಗಿ ಕೇಳಿದೆ.

“ಸುಜಾತಾ ಅನ್ನೊ ಹುಡುಗಿ ಇಲ್ಲಿಗೆ ಬರ್ತಾಳೇನಪಾ?”

“ಯಾವ ಸುಜಾತಾರಿ?”

“ಡಾಕ್ಟರ್ ಕಲಿಯೂ ಹುಡುಗಿ. ನಿಮ್ಮ ಮನೀಗಿ ಹಚ್ಚೇವಲ್ಲ.”

“ಇಲ್ರಿ ಬಾಯಾರ. ಇಲ್ಲಿಗ್ಯಾರ ಬರ್ತಾರ್ರಿ? ನಾವು, ಕುರಿ, ನಾಯಿ. ಮುಗೀತ್ರಿ.”

ಹೂಂ ಎನ್ನುತ್ತಾನೆಂದು ಸಿದ್ಧಳಾಗಿ ಬಂದಿದ್ದೆ. ಇಲ್ಲ ಎಂಬ ಮಾತಿಗೆ ಸಿದ್ಧಳಿರಲಿಲ್ಲ. ಇಡೀ ಊರು ಬಾರದವರನ್ನು ಬಂದರೆನ್ನುವಾಗ ಇವನೊಬ್ಬ ಖಂಡಿತವಾಗಿ ಇಲ್ಲ ಎನ್ನುತ್ತಿದ್ದಾನೆ. ಈರಪ್ಪ ಕಿವಿಯ ಹತ್ತಿರ ಬಂದು, “ಹೋಗೂಣು ನಡೀರಿ ಮೇಡಮ್. ಹುಡುಗಿ ಚಂದಂಗಿ ಟೊಪ್ಪಿಗಿ ಹಾಕ್ಯಾಳ” ಎಂದ. ನನಗೂ ಹಾಗೆಯೇ ಅನ್ನಿಸಿತು. ಮಾಳವ್ವನ ಬಿ.ಪಿ. ಹೆಚ್ಚಿದೆ ಎಂಬುದು ನಮ್ಮ ಮೊದಲ ತಪಾಸಣೆಯಲ್ಲೇ ಕಂಡಿತ್ತು. ಇಷ್ಟು ದೂರ ಬಂದು ಅದನ್ನು ನೋಡದೆ ಹೋಗುವುದು ಬೇಡವೆಂದು ಚೀಲದಿಂದ ಯಂತ್ರ ತೆಗೆದೆ.

ಮಾಳವ್ವ ನೂಲುವ ಕದರನ್ನು ಬದಿಗಿಟ್ಟು ಎದ್ದಳು. ಬಕೆಟ್ಟೊಂದನ್ನು ಬೋರಲು ಹಾಕಿ, ಬೇವಿನ ಬೊಡ್ಡೆಗೆ ಬೆನ್ನು ಆನಿಸಿ ಕೂತಳು. ಎರಡೂ ಪಾದಗಳನ್ನು ಜೋಡಿಸಿ ನೆಲಕ್ಕೆ ಊರಿದಳು. ಪಕ್ಕದ ಕಾಳಿನ ಚೀಲದ ಮೇಲೆ ಕಂಬಳಿ ಮಡಚಿಟ್ಟು, ಕುಪ್ಪಸದ ತೋಳು ಮೇಲೇರಿಸಿ, ಕೈಯನ್ನು ಸರಿಯಾಗಿ ಎದೆಯ ಮಟ್ಟಕ್ಕೆ ಇಟ್ಟಳು. ಆಮೇಲೆ ಬಾಯಿ ಮುಚ್ಚಿದಳು.

“ಗುಳಿಗಿ ದಿನಾ ತಗೋತೀಯೇನಬೇ ಆಯೀ?” ಎಂದೆ. ಉತ್ತರವಿಲ್ಲ. “ತಲಿ ತಿರಗತೈತೇನು?” ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿ ನನ್ನನ್ನೇ ದುರುಗುಟ್ಟಿ ನೋಡಿದಳು.

ಲಕ್ಕಪ್ಪ ನಕ್ಕ. “ಈಗ ಮಾತಾಡಂಗಿಲ್ರಿ ಆಕಿ. ಐದ ನಿಮಿಷ ಆಗಬೇಕ್ರಿ. ಹ್ವಾದ ವಾರ ನಡುವ ಮಾತಾಡಿಸಿ ನಾನ ಬೈಸ್ಕೊಂಡೇನ್ರಿ.”

“ಯಾರ ಕಡಿಂದ ಬೈಸ್ಕೊಂಡಿ?”

ಲಕ್ಕಪ್ಪನ ನಗು ಅಲ್ಲೇ ನಿಂತಿತು. ಕುರಿಗಳ ಕಡೆ ತಿರುಗಿ, ಎಲ್ಲಿಗೂ ಹೋಗದೆ ನಿಂತಿದ್ದ ಒಂದು ಕುರಿಯನ್ನು “ಹೋಯ್, ಹೋಯ್” ಎಂದು ಕರೆಯತೊಡಗಿದ.

ಐದು ನಿಮಿಷ ಮುಗಿಯಿತು. ಬಿ.ಪಿ. ನೋಡಿದೆ, ಮೊದಲಿಗಿಂತ ಎಷ್ಟೋ ಇಳಿದಿತ್ತು. ಪಟ್ಟಿ ಬಿಚ್ಚಿದ ಮೇಲೆ ಮಾಳವ್ವ ಬಾಯಿ ತೆರೆದಳು. “ಆ ಹುಡುಗಿ ಬಂದಿಲ್ಲ ಬಾಯಾರ. ಯಾರಿಗೂ ಹೇಳೂದಿಲ್ಲಂತ ನಾವು ಮಾತ ಕೊಟ್ಟೇವಿ.”

ಕೇಳದೆ ಬಂದದ್ದು ಗೊತ್ತಾದರೆ ಮೇಡಮ್ ಬೈಯುತ್ತಾರೆ, ಬಾಯಿ ಬಿಡಬೇಡಿ ಎಂದು ಹುಡುಗಿ ಅವರಿಂದ ಭಾಷೆ ತೆಗೆದುಕೊಂಡಿದ್ದಳು. ಹೊಲದವರು ಭಾಷೆ ಉಳಿಸಿದ್ದರು. ಅವಳ ವರ್ಷ ಮಾತ್ರ ಹೋಗುವುದರಲ್ಲಿತ್ತು. ಘೋಡಗೇರಿಯ ಸರ್ಕಾರಿ ದವಾಖಾನೆಗೆ ಅಜ್ಜಿಯನ್ನು ಕರೆದೊಯ್ದು ಗುಳಿಗೆ ಕೊಡಿಸುತ್ತಿದ್ದವಳೂ ಅವಳೇ.

ಮುಂದಿನ ಸೋಮವಾರ ಹಳ್ಳಿಯಲ್ಲಿ ಯಾರನ್ನೂ ಏನನ್ನೂ ಕೇಳಲಿಲ್ಲ. ಮನೆಮನೆಗೆ ಹೋಗಿ ಬಿ.ಪಿ. ಯಂತ್ರ ತೆಗೆದು ಸುಮ್ಮನೆ ನಿಂತೆ. ಬೆನ್ನು ಆನಿಸಿ, ಪಾದ ಊರಿ, ಬಾಯಿ ಮುಚ್ಚಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರು ನಿಂತು, ಕುಕ್ಕರಗಾಲಲ್ಲಿ ಕೂತು, ಹಿಟ್ಟು ನಾದುತ್ತಲೇ ಕೈ ಕೊಟ್ಟರು. ಆಮೇಲೆ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು, ಅವರ ಮನೆಯವರು ಹೇಗೆ ಕೂತರೆಂಬುದನ್ನಷ್ಟೇ ಹೇಳಿದೆ. ವಿನಾಯಕ ತಲೆ ತಗ್ಗಿಸಿ, “ಖರೇನ ಮೇಡಮ್, ನಾ ಭಾಳ ಸಲ ಹೋಗಿಲ್ರಿ” ಎಂದ. ಉಳಿದವರೂ ಹೆಚ್ಚು ಹೊತ್ತು ತಡೆಯಲಿಲ್ಲ. ಒಪ್ಪಿಕೊಂಡ ಗೈರುಗಳನ್ನೂ ಬಸ್ಸಿಲ್ಲದ ಶನಿವಾರವನ್ನೂ ಸೇರಿಸಿ ಹಾಜರಿ ತಿದ್ದಿದಾಗ, ಬ್ಯಾಚಿನ ಬಹುಪಾಲು ಶೇಕಡಾ ಎಂಬತ್ತರ ಕೆಳಗೆ ಇಳಿಯಿತು. ಸುಜಾತಾಳ ರವಿವಾರಗಳನ್ನೂ ನಾನು ಸೇರಿಸಲಿಲ್ಲ. ಅನುಮತಿಯಿಲ್ಲದ ಭೇಟಿ ಭೇಟಿಯಲ್ಲ. ಆ ಮಾತಿನಲ್ಲಿ ಇವತ್ತಿಗೂ ನನಗೆ ಎರಡನೆಯ ಯೋಚನೆಯಿಲ್ಲ.

ಪ್ರಿನ್ಸಿಪಾಲರು ಗಾಬರಿಯಾದರು. “ಏನ್ರಿ ಮೇಡಮ್, ಇಡೀ ಬ್ಯಾಚ್ ಮನೀಗಿ ಕಳಸ್ತೀರೇನು?”

“ಮನೀಗಿ ಬ್ಯಾಡ್ರಿ ಸರ್, ಹಳ್ಳಿಗಿ ಕಳಸ್ರಿ” ಎಂದೆ.

ಪರೀಕ್ಷೆಗೆ ಮುಂಚಿನ ಓದುವ ರಜೆಯಲ್ಲಿ ಎಲ್ಲರಿಗೂ ಹೆಚ್ಚುವರಿ ಭೇಟಿಗಳನ್ನು ಇಟ್ಟೆವು. ಹುಡುಗರು ನನ್ನನ್ನು ಬಾಯಿತುಂಬ ಶಪಿಸಿದರು. ಸುಜಾತಾಳ ಜೊತೆ ಮಾತು ಬಿಟ್ಟವರೂ ಇದ್ದರು. ಅವಳಿಗೆ ಲಿಖಿತ ಅನುಮತಿ ಕೊಟ್ಟು, ಈರಪ್ಪನ ಜೀಪಿನಲ್ಲಿ ಹಿಂಡು ಇದ್ದ ಹೊಲಕ್ಕೇ ಕಳಿಸಿದೆ. ಮೊದಲ ದಿನ ವಾಪಸು ಬಂದ ಈರಪ್ಪ, “ಆ ಮುದಕಿ ನನಗೂ ಐದ ನಿಮಿಷ ಬಾಯಿ ಮುಚ್ಚಿಸಿ ಕುಂಡ್ರಿಸಿದ್ಲರಿ” ಎಂದು ದೂರಿದ. ಸುಜಾತಾಳ ಹಾಜರಿ ತುಂಬಿತು. ಅವಳು ಜೊತೆಯವರೊಂದಿಗೇ ಪರೀಕ್ಷೆಗೆ ಕೂತಳು.

ಫೋಟೊ, ಸಾಕ್ಷಿ ಎರಡನ್ನೂ ನಂಬಿ ಕೆಟ್ಟ ಮೇಲೆ ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ವೈದ್ಯ ಬಂದಿದ್ದನೋ ಇಲ್ಲವೋ ಎಂಬುದು ರೋಗಿ ಕೂಡುವ ರೀತಿಯಲ್ಲಿ ಕಾಣುತ್ತದೆ. ಮತ್ತು ವೈದ್ಯನಿಂದ ತನಗೆ ಉಪಯೋಗವಿದೆ ಎಂದು ತಿಳಿದ ರೋಗಿ ಅವನ ಗೈರುಹಾಜರಿಯನ್ನು ಯಾರಿಗಾಗಿಯೂ ಮುಚ್ಚಿಡುವುದಿಲ್ಲ.

ಹೆಚ್ಚುವರಿ ಭೇಟಿಗಳ ಕೊನೆಯ ವಾರ ನನ್ನ ಫೋನು ಹೊಡೆದುಕೊಂಡಿತು.

“ಬಾಯಾರ, ನಾ ಗಂಗವ್ವ. ನಮ್ಮ ಹುಡುಗ ಇವತ್ತ ಬಂದಿಲ್ರಿ.”

“ಬಸ್ ಬಂದಿತ್ತೇನ್ರಿ?”

“ಬಸ್ ಬಂದೈತ್ರಿ. ಅಂವಾ ಬಂದಿಲ್ಲ. ಗ್ವಾಡಿಗೆ ಬೆನ್ನ ಹಚ್ಚಿ, ಕಾಲ ಊರಿ, ಬಾಯಿ ಮುಚಗೊಂಡ ಕುಂತ ಕುಂತ ನನಗ ಸಾಕಾತ್ರಿ. ಗೈರ ಹಾಕ್ರಿ ಅವಗ.”

ಹಾಕಿದೆ. ಆ ಹಳ್ಳಿಯಲ್ಲಿ ಅನುಮಾನವಿಲ್ಲದೆ ನಾನು ಹಾಕಿದ ಮೊದಲ ಗೈರು ಅದು.