ರಾಟೆ ಏರಿದ ಊರುಗೋಲು

1968ರ ಬೇಸಿಗೆಯಲ್ಲಿ ಕೊಳ್ಳೇಗಾಲದ ವಸ್ತುಪ್ರದರ್ಶನಕ್ಕೆ ಬಂದಿದ್ದ ರಂಕಲರಾಟೆಯಲ್ಲಿ ಒಂದು ಊರುಗೋಲು ಕೂತು ಸುತ್ತು ಹಾಕಿತು. ಅದರ ಮಾಲೀಕ ಕೆಳಗೆ ಕಂಬ ತಬ್ಬಿಕೊಂಡು ಒಂಟಿಗಾಲಲ್ಲಿ ನಿಂತಿದ್ದ. ಆ ಮಾಲೀಕ ನಾನೇ. ಆಗ ನಾನು ಪತ್ರಿಕೆಯೊಂದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸುದ್ದಿ ಕಳಿಸುತ್ತಿದ್ದೆ. ಈ ಸುದ್ದಿಯನ್ನು ಮಾತ್ರ ಕಳಿಸಲಿಲ್ಲ.

ನನ್ನ ಎಡಗಾಲು ಚಿಕ್ಕಂದಿನ ಜ್ವರವೊಂದರಲ್ಲಿ ಸೊರಗಿತು. ಅದರಿಂದ ನನಗೆ ದೊರೆತ ಮೊದಲ ಉದ್ಯೋಗ ವರದಿಗಾರಿಕೆಯಲ್ಲ, ಚಪ್ಪಲಿ ಕಾಯುವುದು. ಮನೆಯವರು ಹೊಳೆಗೆ ಇಳಿಯಲಿ, ಬೆಟ್ಟದ ಮೆಟ್ಟಿಲು ಹತ್ತಲಿ, ಸರ್ಕಸ್ಸಿನ ಗ್ಯಾಲರಿ ಏರಲಿ, "ನೀ ಇಲ್ಲೇ ಕುಂತಿರಪ್ಪ, ಯಾಕ್ ಸುಮ್ಕೆ ಆಯಾಸ" ಅನ್ನುವರು. ಮರುಗಳಿಗೆಯಲ್ಲಿ ನನ್ನ ಸುತ್ತ ಚಪ್ಪಲಿ, ಕೊಡೆ, ಕೈಚೀಲ, ಬುತ್ತಿಯ ಗಂಟು ಎಲ್ಲ ಜಮಾಯಿಸುತ್ತಿದ್ದವು. ಕರುಣೆಗೂ ಕೈಚೀಲಕ್ಕೂ ಅದೇನೋ ನಂಟು, ಒಂದರ ಹಿಂದೆಯೇ ಇನ್ನೊಂದು ಬರುತ್ತದೆ. ಆದರೂ ಈ ಹುದ್ದೆಯಲ್ಲಿ ನನ್ನ ಮೇಲೆ ದೂರಿರಲಿಲ್ಲ. ಒಂದು ಜೊತೆಯನ್ನೂ ಕಳೆದವನಲ್ಲ. ಕೂತು ಕೂತು ಎಷ್ಟು ಪಳಗಿದ್ದೆನೆಂದರೆ, ಸವೆದ ಹಿಮ್ಮಡಿ ನೋಡಿ ಆಸಾಮಿ ಜಗಳಗಂಟನೋ ಸಾಧುವೋ ಎಂದು ಹೇಳುತ್ತಿದ್ದೆ. ಹೆಚ್ಚು ಸಲ ತಪ್ಪಾಗುತ್ತಿತ್ತು.

ಆ ಸಂಜೆ ಹೊನ್ನೂರಿನಿಂದ ಅಣ್ಣ, ಅತ್ತಿಗೆ ಬಂದಿದ್ದರು. ಅತ್ತಿಗೆಯ ಕಾಲಲ್ಲಿ ಕೆಂಪು ಪಟ್ಟಿಯ ಹೊಸ ಚಪ್ಪಲಿ. ಮೈದಾನದ ನಡುವೆ ತೊಟ್ಟಿಲುಗಳು ತೂಗುವ ರಾಟೆ. ಅದಕ್ಕೆ ಯಂತ್ರವಿರಲಿಲ್ಲ. ಇಬ್ಬರು ಆಳುಗಳು ಅದರ ಅಡ್ಡಪಟ್ಟಿಗಳನ್ನು ಹಿಡಿದು ಮೇಲೇರಿ, ತಮ್ಮ ಮೈಭಾರ ಬಿಟ್ಟು ಜೋತು ಬೀಳುತ್ತಿದ್ದರು, ರಾಟೆ ತಿರುಗುತ್ತಿತ್ತು. ಮೇಲಿನಿಂದ ಯಾರ ತಲೆಯ ಮೇಲೂ ಬೀಳದಿರಲೆಂದು ಚಪ್ಪಲಿಯನ್ನು ಕೆಳಗೇ ಬಿಡಬೇಕೆಂಬುದು ಅಲ್ಲಿನ ನಿಯಮ. ಅತ್ತಿಗೆ ಅಭ್ಯಾಸಬಲದಿಂದ ನನಗೊಂದು ಕಲ್ಲು ತೋರಿಸಿ, "ಕುಂತ್ಕೊಳಪ್ಪ" ಅಂದರು.

ನಾನು ಕೂರಲಿಲ್ಲ. ಮೂವತ್ತು ದಾಟಿದ ಗಂಡಸು ಹೇಳಬಾರದ ಮಾತೊಂದು ಬಾಯಿಂದ ಬಂತು: "ನಾನೂ ಹತ್ತುತೀನಿ."

ರಾಟೆಯ ಯಜಮಾನ ಮಾರ್ಟಳ್ಳಿ ಕಡೆಯವನು. ನನ್ನ ಕಾಲು ನೋಡಿದ, ಊರುಗೋಲು ನೋಡಿದ, ಆಕಾಶ ನೋಡಿದ. "ಬ್ಯಾಡ ಸಾ. ಎಲ್ಲಾರಾ ಬಿದ್ಗಿದ್ರೆ ನಮ್ ಹೊಟ್ಟೆಪಾಡು ಓಯ್ತದೆ."

"ಬೀಳಕೆ ಅವ್ನೇನ್ ಮಗಾನಾ?" ಅಂದ ಅಣ್ಣ. "ಲೇ, ನೀ ನಿಂತ್ಕೊ. ಸೀಟ್ ನಾನ್ ಇಡೀತೀನಿ."

ಇಲ್ಲಿ ಅಣ್ಣನ ವಿದ್ಯೆಯ ಬಗ್ಗೆ ಹೇಳಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದರೆ ಆ ಸೀಟು ಎಸೆದವನದು. ಈ ಕಾನೂನನ್ನು ಯಾರು ಬರೆದರೋ ತಿಳಿಯದು, ಮೀರಿದವರನ್ನಂತೂ ನಾನು ಕಂಡಿಲ್ಲ. ಅಣ್ಣನ ಪಾದುಕೆಯನ್ನೇ ಸಿಂಹಾಸನದ ಮೇಲಿಟ್ಟು ಜಾಗ ಕಾಯ್ದ ತಮ್ಮನ ಕಥೆ ಕೇಳಿ ಬೆಳೆದ ಜನ ನಾವು. ಟವೆಲ್ಲಿಗೆ ಮರ್ಯಾದೆ ಕೊಡದೆ ಇರುತ್ತೇವೆಯೇ? ಹನೂರಿನ ಬಸ್ಸಿನಲ್ಲಿ ನಮ್ಮಣ್ಣ ಟವೆಲ್, ಕುಂಬಳಕಾಯಿ, ಒಮ್ಮೆ ಬೇರೆಯವರ ಕೂಸನ್ನೂ ಕೂರಿಸಿ ಸೀಟು ಹಿಡಿದವನು.

ರಾಟೆ ನಿಧಾನವಾಯಿತು. ಜನ ನುಗ್ಗಿದರು. ಅಣ್ಣನ ಹೆಗಲಲ್ಲಿ ಅಂದು ಟವೆಲ್ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎಳೆದು ತೊಟ್ಟಿಲೊಳಗೆ ಎಸೆದು, "ಜನ ಅವ್ರೆ! ಜನ ಅವ್ರೆ!" ಎಂದು ಕೂಗಿದ. ಕೈಗೆ ಸಿಕ್ಕಿದ್ದು ನನ್ನ ಕಂಕುಳಲ್ಲಿದ್ದ ಊರುಗೋಲು.

ನಾನು ಪಕ್ಕದ ಕಂಬ ಹಿಡಿದುಕೊಂಡೆ. ಅಣ್ಣ ನನ್ನ ಕಡೆ ತಿರುಗುವಷ್ಟರಲ್ಲಿ ಆ ತೊಟ್ಟಿಲು ಹತ್ತಿದ ಬೇರೆ ಮೂವರು ಊರುಗೋಲನ್ನು ಸರಿಸದೆ, ಅದರ ಜಾಗ ಅದಕ್ಕೆ ಬಿಟ್ಟು, ಒತ್ತಿಕೊಂಡು ಕೂತರು. ಜೋತು ಬೀಳುವ ಆಳುಗಳು ಜೋತು ಬಿದ್ದರು. ಊರುಗೋಲು ಮೇಲೆ ಹೋಯಿತು.

"ಲೇ, ಕೋಲ್ಗೂ ಟಿಕೀಟ್ ತಕಂಡವ್ರಾ?" ಎಂದು ಗುಂಪಿನಲ್ಲೊಬ್ಬ ಕೂಗಿದ.

"ಅದ್ಕೆ ಅರ್ಧ ಟಿಕೀಟ್ ಕಣ್ಲಾ!"

ಪ್ರತಿ ಸುತ್ತಿಗೂ ಅದು ನನ್ನ ಮೂಗಿನ ಮುಂದೆಯೇ ಹಾದು ಹೋಗುತ್ತಿತ್ತು. ಇಷ್ಟು ವರ್ಷ ನಾನು ಅದನ್ನು ಹೊತ್ತೆನೋ ಅದು ನನ್ನನ್ನು ಹೊತ್ತಿತೋ ಎಂಬ ಲೆಕ್ಕ ಇತ್ಯರ್ಥವಾಗಿರಲಿಲ್ಲ. ಆ ಹೊತ್ತು ಕಂಬ ತಬ್ಬಿದ್ದ ನನಗೆ ಉತ್ತರ ಸ್ಪಷ್ಟವಾಗಿತ್ತು.

ರಾಟೆ ನಿಂತಿತು. ಯಜಮಾನ ಕೋಲನ್ನು ಎರಡೂ ಕೈಯಲ್ಲಿ ತಂದು, "ತಕಳಿ ಸಾ, ಏನೂ ಆಗಿಲ್ಲ" ಅಂದ.

ಆಗ ಸಿಟ್ಟು ಬಂದದ್ದು ನನಗಲ್ಲ, ಯಾವಾಗಲೂ ನನ್ನನ್ನು ಕಲ್ಲಿನ ಮೇಲೆ ಕೂರಿಸುತ್ತಿದ್ದ ಅತ್ತಿಗೆಗೆ. "ಕಾಲಿಲ್ಲ ಕೈಯಿಲ್ಲ, ಈ ಕೋಲು ಬೀಳ್ನಿಲ್ವಲ್ಲಾ? ಕೈಯಿರೋನು ಇಡ್ಕಂಡು ಕುಂತ್ಕಳಕಿಲ್ವಾ? ಎತ್ತಿ ಕೂರ್ಸಿ ಅವನ್ನ!"

ಜನ ನಕ್ಕರು. ಯಜಮಾನನೂ ನಕ್ಕ. ಆಳುಗಳಿಬ್ಬರು ನನ್ನ ತೋಳಿಗೆ ಕೈ ಕೊಟ್ಟರು. ಅತ್ತಿಗೆ ಒಂದು ಪಕ್ಕ, ಅಣ್ಣ ಇನ್ನೊಂದು ಪಕ್ಕ, ನಡುವೆ ನಾನು. ಊರುಗೋಲು ಕೆಳಗೆ, ಕಂಬಕ್ಕೆ ಒರಗಿ ನಿಂತಿತು.

ಮೇಲಿನಿಂದ ಹೊಳೆಯ ದಿಕ್ಕು, ರೇಷ್ಮೆ ನೇಯುವ ಬೀದಿಗಳು, ಬಿಳಿಗಿರಿರಂಗನ ಬೆಟ್ಟದ ಸಾಲು ಎಲ್ಲವನ್ನೂ ನೋಡಿ ಬರೆಯಬೇಕೆಂದಿದ್ದೆ. ಕಣ್ಣು ಮುಚ್ಚಿಕೊಂಡಿದ್ದರಿಂದ ಆಗಲಿಲ್ಲ. "ಕಣ್ ಬುಡಪ್ಪ, ಇಷ್ಟ್ ರಂಪ ಮಾಡಿ ರಾಟೆ ಅತ್ತಿದ್ದು ಇದಕ್ಕಾ?" ಎಂದು ಅತ್ತಿಗೆ ತಿವಿದರು. ಬಿಟ್ಟೆ. ಊರು ನನ್ನ ಕಾಲ ಕೆಳಗಿತ್ತು, ಎರಡೂ ಕಾಲ ಕೆಳಗೆ. ಹೊಳೆಯ ಕಡೆಯಿಂದ ಗಾಳಿ ಬಂತು. ನಾನು ನಕ್ಕೆನಂತೆ, ಗಟ್ಟಿಯಾಗಿ, ಅಣ್ಣ ಹೇಳಿದ್ದು. ಆಮೇಲೆ ಒಂದು ಸುತ್ತು ಇಳಿಯುವಾಗ ಕೆಳಗೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳು ಕಂಡವು. ಅವುಗಳ ಪಕ್ಕದ ಕಲ್ಲು ಖಾಲಿಯಿತ್ತು.

ಇಳಿದಾಗ ಊರುಗೋಲು ಇಟ್ಟಲ್ಲೇ ಇತ್ತು. ಅಣ್ಣನ ಹಳೆಯ ಜೋಡೂ ಇತ್ತು. ಅತ್ತಿಗೆ ಬರಿಗಾಲಲ್ಲಿ ಹೊನ್ನೂರಿನ ಬಸ್ಸು ಹತ್ತಿದರು. ಕೆಂಪು ಪಟ್ಟಿಯ ಚಪ್ಪಲಿ ಈವರೆಗೂ ಪತ್ತೆಯಾಗಿಲ್ಲ.