ಸವತಿಗೆ ಸುಣ್ಣ

ನಮ್ಮ ಪಾಸಿತುರೈ ಬಂದರಿನ ದೀಪದ ಗೋಪುರ ತೆಂಗಿನ ಮರದಷ್ಟೂ ಎತ್ತರವಿಲ್ಲ. ಆದರೂ ಅದು ನನಗೆ ಸವತಿ. ನಮ್ಮವರು, ಸೂಸೈ ಮಿರಾಂದ, ಅದರ ದೀಪ ನೋಡಿಕೊಳ್ಳುತ್ತಿದ್ದವರು. ಮದುವೆಯ ದಿನ ಇಗರ್ಜಿಯಿಂದ ಬಂದವರೇ ನನ್ನನ್ನು ಮನೆಬಾಗಿಲಲ್ಲಿ ಬಿಟ್ಟು ದೀಪ ಹಚ್ಚಲು ಓಡಿದರು. ಅಂದು ನನ್ನ ಹೊಟ್ಟೆಯಲ್ಲಿ ಹತ್ತಿದ ಉರಿ ಇನ್ನೂ ಆರಿಲ್ಲ.

ಸರ್ಕಾರ ಆ ದೀಪ ಆರಿಸಿದ ದಿನ ಮೀನು ಸಾರಿಗೆ ಒಂದು ಹಿಡಿ ತೆಂಗಿನಕಾಯಿ ಹೆಚ್ಚಿಗೇ ಹಾಕಿದೆ. ಗೋಪುರವನ್ನೂ ಕೆಡವುತ್ತಾರೆಂದು ಸುದ್ದಿಯಾಯಿತು. ಆದರೆ ಮೀನುಗಾರರು, "ಹಗಲು ಗುರುತಿಗೆ ನಮಗೆ ಆ ಬಿಳಿ ಗೋಪುರ ಬೇಕೇ ಬೇಕು" ಎಂದು ಹಟ ಹಿಡಿದು ಉಳಿಸಿಕೊಂಡರು. ಸುಣ್ಣ ಬಳಿಯುವ ಕೆಲಸ ನಮ್ಮವರದೇ ಆಯಿತು. ವರ್ಷ ವರ್ಷವೂ ಅದಕ್ಕೆ ಹೊಸ ಸುಣ್ಣ. ನನ್ನ ಅಡುಗೆಮನೆ ಗೋಡೆಗೆ ಮಸಿಯೇ ಗತಿ.

ಆಮೇಲೆ ಬಡಗಣ ಬಂದರಿನಲ್ಲಿ ಕೆಂಪು ಬಿಳಿ ಪಟ್ಟೆಯ ಹೊಸ ಗೋಪುರ ಎದ್ದಿತು. ನೋಡಿ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಮ್ಮವರ ಮುಖ ಹುಳಿ ತಿಂದಂತಾಯಿತು. ಅವರಿಗೂ ಹೊಟ್ಟೆಕಿಚ್ಚು! ನನಗೆ ಹಾಲು ಕುಡಿದಷ್ಟು ಸಂತೋಷ.

"ಯಾಕ್ರೀ, ನಿಮ್ಮವಳಿಗಿಂತ ಚೆಲುವೆ ಬಂದ್ಲಾ?" ಎಂದು ಚುಚ್ಚಿದೆ.

ಆ ಮಾತು ತಾಗಿತೋ ಏನೋ, ಏಣಿ ಹತ್ತಿಳಿದು ತಮ್ಮ ಗೋಪುರಕ್ಕೂ ಕಾವಿಯ ಪಟ್ಟೆ ಬಳಿದರು. ಮೊಣಕಾಲು ಊದಿಸಿಕೊಂಡು ಮಲಗಿದರು. ಮಾರನೆಯ ಬೆಳಿಗ್ಗೆ ನಮ್ಮ ಅಳಿಯ ಸವೇರಿ ಕಡಲಿನಿಂದ ಬರುತ್ತ, ಮಂಜಿನಲ್ಲಿ ಪಟ್ಟೆ ಕಂಡು, ಹಾದಿ ತಪ್ಪಿ ಬಡಗಣಕ್ಕೆ ಬಂದೆ ಎಂದುಕೊಂಡ. ಅಲ್ಲಿ ನುಗ್ಗಿಸುವಂತೆ ದೋಣಿಯನ್ನು ನೇರ ಒಳಗೆ ನುಗ್ಗಿಸಿದ. ನಮ್ಮಲ್ಲಿ ಮರಳುದಿಬ್ಬ ಅಡ್ಡ ಇದೆ. ದೋಣಿ ಅದಕ್ಕೆ ಬಡಿದು ಹಲಗೆ ಸೀಳಿತು.

ಒದ್ದೆ ಬಟ್ಟೆಯಲ್ಲೇ ಬಂದು ಬಾಗಿಲಲ್ಲಿ ನಿಂತ. "ಮಾವ, ನಿಮ್ಮ ಗೋಪುರದ ಸಿಂಗಾರಕ್ಕೆ ನಿಮ್ಮ ಮಗಳು ತಾಳಿ ಕಳ್ಕೊಳ್ತಿದ್ಲು! ನಾಳೆಯೊಳಗೆ ಬಿಳಿ ಆಗ್ಲಿಲ್ವೋ, ಕೆಡವಿ ಅಂತ ನಾವೇ ಹೇಳ್ತೀವಿ."

ನಮ್ಮವರಿಗೆ ಎದ್ದು ನಿಲ್ಲಲೂ ಆಗದು. ಕೂತಲ್ಲೇ ಅತ್ತರು. ನನಗಾಗಿ ಎಂದಾದರೂ ಅತ್ತಿದ್ದರೇ? ಕೆಡವಲಿ ಎಂದು ಸುಮ್ಮನಿದ್ದರೆ ನನ್ನ ಸವತಿ ತೊಲಗುತ್ತಿದ್ದಳು. ಆದರೆ ಸವೇರಿ ಮತ್ತೆ ಕಡಲಿಗೆ ಹೋಗಬೇಕಾದವನು, ಅವನಿಗೆ ಗುರುತು ಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸುಣ್ಣದ ಬಕೆಟ್ ಹಿಡಿದು ಏಣಿ ಹತ್ತಿದೆ.

ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತ ನಮ್ಮವರು, "ಮೆಲ್ಲಗೆ ಕಣೇ ಫಿಲೋಮಿ, ಗಾರೆ ಕಿತ್ತು ಬಂದೀತು!" ಎಂದು ಕೂಗಿದರು. ಹೆಂಡತಿ ಬಿದ್ದಾಳು ಎಂಬ ಚಿಂತೆ ಇಲ್ಲ.

"ಬಾಯಿ ಮುಚ್ರೀ, ಬಕೆಟ್ ತಲೆ ಮೇಲೆ ಬಂದೀತು!" ಎಂದೆ.

ಸಂಜೆಯೊಳಗೆ ಗೋಪುರ ಬೆಳ್ಳಗಾಯಿತು. ಮರುದಿನ ಗೆಳೆಯನ ದೋಣಿಯಲ್ಲಿ ಹೋಗಿ ಬಂದ ಸವೇರಿ, "ಏನು ಹೊಳಪು ಮಾವ! ಎಷ್ಟು ದೂರದಿಂದ ಕಾಣಿಸ್ತು!" ಎಂದ.

ನಮ್ಮವರು ಮೀಸೆ ತಿರುವಿದರು. "ಮತ್ತೆ? ನನ್ನ ಗೋಪುರ ಅಂದ್ರೆ ಏನಂದ್ಕೊಂಡೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಳಿದವಳು ನಾನು, ಮೀಸೆ ಇವರದು! "ಯಾರ ಗೋಪುರ?" ಎಂದು ಅವರ ಸೊಂಟದಿಂದ ಅದರ ಬೀಗದ ಕೈ ಕಿತ್ತುಕೊಂಡೆ. ಈಗ ಅದು ನನ್ನ ಸೆರಗಿನ ಗಂಟಿನಲ್ಲಿದೆ. ದಿನಾ ಕೇಳುತ್ತಾರೆ. ನಾನು ಕೊಡುವುದಿಲ್ಲ.