ಸಪ್ಪೆ ಸಾರಿನ ಮೇಡಂ

ನಮ್ಮ ಮೇಡಂ ಬಲಗೈ ಹೆಬ್ಬೆರಳಿನ ಉಗುರನ್ನು ಒಂದಿಷ್ಟೂ ಬೆಳೆಯಲು ಬಿಡುತ್ತಿರಲಿಲ್ಲ. ರೋಗಿಯ ಕಣಕಾಲಿಗೆ ಆ ಬೆರಳೊತ್ತಿ, ಕುಳಿ ಬೀಳುತ್ತದೋ ಇಲ್ಲವೋ ನೋಡಿ ಊತ ತಿಳಿಯುತ್ತಿದ್ದರು. ಮಾತಿನ ನಡುವೆ ನಮ್ಮ ಕಾಲನ್ನೂ ಒತ್ತಿಬಿಡುತ್ತಿದ್ದರು. ಯಳಂದೂರಿನವರು. ಕೊಳ್ಳೇಗಾಲದ ನರ್ಸಿಂಗ್ ಶಾಲೆಯಲ್ಲಿ ನಮಗೆ ಪಾಠ, ಹಾಸ್ಟೆಲ್ಲಿನ ಉಸ್ತುವಾರಿ ಎರಡೂ ಅವರದೇ.

ಮೊದಲ ವರ್ಷ ಒಬ್ಬರಿಗೊಬ್ಬರು ಬಿ.ಪಿ. ನೋಡಿ ಕಲಿಯುವಾಗ ನನ್ನದು ಜಾಸ್ತಿ ಬಂತು. ಮೇಡಂ ತಾವೇ ಪಟ್ಟಿ ಸುತ್ತಿ ನೋಡಿದರು. ಸಂಜೆ ನನ್ನೊಬ್ಬಳನ್ನೇ ಕರೆದರು.

"ನಿಮ್ಮವ್ವಂಗೆ ಏನಾಗಿತ್ತವ್ವ?"

"ಲಕ್ವ ಹೊಡ್ದು ತೀರ್ಕಂಡ್ಲು ಮೇಡಂ. ಅಪ್ಪಂಗೆ ಏಳ್ಬೇಡಿ. ಕಾಯ್ಲೆ ಉಡ್ಗಿ ಅಂತ ಓದು ಬುಡಿಸ್ಬುಡ್ತದೆ."

ಮೊದಲು ಉಪ್ಪು ಇಳಿಸಿ ನೋಡೋಣ, ಮಾತ್ರೆ ಆಮೇಲೆ ಎಂದರು ಮೇಡಂ ಕರೆದೊಯ್ದು ತೋರಿಸಿದ ಡಾಕ್ಟರು. ನನಗೊಬ್ಬಳಿಗೇ ಬೇರೆ ಅಡುಗೆ ಮಾಡಿಸಿದರೆ ಸುದ್ದಿ ನಮ್ಮೂರು ಲೊಕ್ಕನಹಳ್ಳಿ ಮುಟ್ಟಲು ಎಷ್ಟು ಹೊತ್ತು? ಮೇಡಂ ಇಡೀ ಹಾಸ್ಟೆಲ್ಲಿನ ಸಾರಿಗೇ ಉಪ್ಪು ಕಡಿಮೆ ಮಾಡಿಸಿದರು. ಒಮ್ಮೆಲೇ ಅಲ್ಲ, ವಾರ ವಾರಕ್ಕೆ ಚೂರು ಚೂರು. ಹುಳಿ, ಕೊತ್ತಂಬರಿ ಜಾಸ್ತಿ ಹಾಕಿಸಿದರು. ಮಜ್ಜಿಗೆಗೂ ಉಪ್ಪಿಲ್ಲ.

ಹುಡುಗಿಯರು ಸುಮ್ಮನಿರುತ್ತಾರೆಯೇ? 'ಸಪ್ಪೆ ಮೇಡಂ' ಎಂದು ಹೆಸರಿಟ್ಟರು. ಮಾರ್ಟಳ್ಳಿಯ ಗೆಳತಿ ಊರಿಂದ ಕರುವಾಡು ಎಂಬ ಒಣ ಉಪ್ಪುಮೀನು ತಂದಳು, ಉಳಿದವರು ಉಪ್ಪಿನಕಾಯಿ. ಮೇಡಂ ಏನನ್ನೂ ಕಿತ್ತುಕೊಳ್ಳಲಿಲ್ಲ. ನಮ್ಮ ಜೊತೆಗೇ ಕೂತು ಅದೇ ಸಾರು ಉಂಡರು.

"ಉಪ್ಪಿಗಿಂತ ರುಚಿಯಿಲ್ಲ ಅಂತ ದೊಡ್ಡೋರೇ ಏಳವ್ರಲ್ಲ ಮೇಡಂ" ಎಂದು ಮಾರ್ಟಳ್ಳಿಯವಳು ಕೆಣಕಿದಳು.

"ತಾಯಿಗಿಂತ ಬಂಧುವಿಲ್ಲ ಅಂತ್ಲೂ ಏಳವ್ರೆ ಕಣವ್ವ. ನಾಳಿಕೆ ರೋಗಿಗೆ ಉಪ್ಪು ಬುಡು ಅನ್ನೋರು ನೀವು. ನೀವೇ ಬುಟ್ಟು ನೋಡ್ದೆ ಎಂಗೇಳಿರಿ? ನಾಲ್ಗೆ ಕಲ್ತದೆ, ಉಣ್ಣಿ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈಗುಳವೆಲ್ಲ ಅವರ ತಲೆಗೇ. ವರ್ಷ ತಿರುಗುವಷ್ಟರಲ್ಲಿ ಉಪ್ಪಿನಕಾಯಿ ಬಾಟಲಿಗಳು ಮುಗಿಯದೆ ಉಳಿದವು. ನನ್ನ ಬಿ.ಪಿ. ಇಳಿಯಿತು, ಓದು ಮುಗಿಯಿತು, ಹನೂರಿನಲ್ಲಿ ಕೆಲಸ ಸಿಕ್ಕಿತು. ಉಂಡ ಉಪ್ಪಿನ ಋಣ ಎನ್ನುತ್ತಾರೆ. ನನ್ನದು ಉಣ್ಣದ ಉಪ್ಪಿನ ಋಣ. ಅದನ್ನು ಅವರಿಗೆ ಹೇಳಬೇಕೆಂದು ಎಂದೂ ತೋಚಿರಲಿಲ್ಲ.

ಮೇಡಂ ಹೋದರೆಂದು ಫೋನ್ ಬಂದಾಗ ವಾರ್ಡಿನಲ್ಲಿದ್ದೆ. ಕೇಳಿ, ಪಕ್ಕದ ಹಾಸಿಗೆಯವರಿಗೆ ಇಂಜೆಕ್ಷನ್ ಕೊಟ್ಟೆ. ಏನೂ ಅನ್ನಿಸಲಿಲ್ಲ. ತಿಥಿಗೆ ಯಳಂದೂರಿಗೆ ಹೋಗುವಾಗ ಬಸ್ಸಿನಲ್ಲಿ ನಿದ್ದೆಯನ್ನೂ ಮಾಡಿದೆ.

ಊಟಕ್ಕೆ ಹಳೆಯ ಗೆಳತಿಯರೆಲ್ಲ ಒಂದೇ ಸಾಲಿನಲ್ಲಿ ಕೂತೆವು. ಸಾರು ಬಂತು. ಎದುರು ಸಾಲಿನವರು ಸೊರಸೊರನೆ ಉಣ್ಣುತ್ತಿದ್ದರು. ನಮ್ಮಲ್ಲಿ ಯಾರೂ ಎರಡನೇ ತುತ್ತು ಎತ್ತಲಿಲ್ಲ.

"ಉಪ್ಪು ಜಾಸ್ತಿ ಕಣೇ" ಎಂದಳು ಮಾರ್ಟಳ್ಳಿಯವಳು.

ಆ ವರ್ಷ ಸಾರು ಸಪ್ಪೆಯಾದದ್ದು ನನಗೋಸ್ಕರ ಎಂದು ಆಗ ಹೇಳಿದೆ. ಅವಳು ಎಲೆಯನ್ನು ಅತ್ತ ಸರಿಸಿದಳು.

"ಎಷ್ಟು ಬೈದ್ವಲ್ಲೇ ಅವ್ರ್ನ."

ನನಗೆ ಆಗಲೂ ಅಳು ಬರಲಿಲ್ಲ. ಅವಳು ಅತ್ತಳು.